ಬ್ಯಾಟರಿಗೆ ದುಡ್ಡುಂಟು, ಹುಡುಕಿದವರಿಗೆ ಇಲ್ಲ

ಬೆಳಿಗ್ಗೆ ಸೆಲ್ಫ್ ಹೊಡೆದರೆ 'ಕಟ್ ಕಟ್' ಎಂದು ಸುಮ್ಮನಾಗುವ ಕಾರಿಗೆ ಚಳ್ಳಕೆರೆಯಲ್ಲಿ ಸಿಗುವ ತೀರ್ಪು ಒಂದೇ: 'ಬ್ಯಾಟ್ರಿ ಹೋಗೈತೆ ಸಾರ್, ಹೊಸದು ಹಾಕ್ಸಿಬಿಡಿ.' ಮೊಳಕಾಲ್ಮುರಿಗೆ ಹೋದರೂ ತೀರ್ಪು ಬದಲಾಗದು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮೇಲೆ ನಾಲ್ಕೈದು ಸಾವಿರ ಎಣಿಸಿ ಹೊಸದು ಕೂರಿಸಿಕೊಂಡು ಬಂದವರು ಕೆಲವು ದಿನ ನೆಮ್ಮದಿಯಾಗಿರುತ್ತಾರೆ. ಆಮೇಲೆ ಒಂದು ಬೆಳಿಗ್ಗೆ ಮತ್ತದೇ 'ಕಟ್ ಕಟ್'. ವಾರಂಟಿ ಕಾರ್ಡ್ ಹಿಡಿದು ಹೋದರೆ ಅಂಗಡಿಯವರು ರಾತ್ರಿಯಿಡೀ ಚಾರ್ಜಿಗೆ ಹಾಕಿ, ಲೋಡ್ ಟೆಸ್ಟರ್ ಒತ್ತಿ, 'ಬ್ಯಾಟ್ರಿ ಚೆನ್ನಾಗೈತೆ, ವೈರಿಂಗ್ ತೋರಿಸಿ' ಎನ್ನುತ್ತಾರೆ. ವೈರಿಂಗಿನವರು ಡೈನಮೋ ಕಡೆ ಕೈ ಮಾಡುತ್ತಾರೆ. ಡೈನಮೋದವರು ಬ್ಯಾಟರಿ ಕಡೆ.

ಇವರಲ್ಲಿ ಯಾರೂ ಮೋಸಗಾರರಲ್ಲ. ತೊಡಕಿರುವುದು ಗಿರಾಕಿಯ ಲೆಕ್ಕದಲ್ಲಿ. ಸಾಮಾನಿಗೆ ದುಡ್ಡು ಕೊಡುವುದು ಎಲ್ಲರಿಗೂ ರೂಢಿ. ದೋಷ ಹುಡುಕಿದ್ದಕ್ಕೆ ದುಡ್ಡು ಕೊಡುವುದು ಯಾರಿಗೂ ರೂಢಿಯಿಲ್ಲ. ಮೀಟರ್ ಹಿಡಿದು ಒಂದೂವರೆ ತಾಸು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಡೆಗೆ ಡಿಕ್ಕಿಯ ಬಲ್ಬೊಂದು ಆರದೇ ಉರಿಯುತ್ತಿದೆ ಎಂದು ಕಂಡುಹಿಡಿದ ಎಲೆಕ್ಟ್ರಿಷಿಯನ್‌ಗೆ 'ಒಂದು ಬಲ್ಬ್ ಬಿಚ್ಚಿದ್ದಕ್ಕೆ ಐನೂರಾ?' ಎಂದು ಕೇಳಿದರೆ, ಮುಂದಿನ ಸಲ ಅವನು ಮೀಟರ್ ಮುಟ್ಟುವುದಿಲ್ಲ. ಬ್ಯಾಟರಿ ಮಾರಿದರೆ ಹತ್ತು ನಿಮಿಷದ ಕೆಲಸ, ಕಮಿಷನ್ ಖಾತ್ರಿ, ಮಾತೂ ಕೇಳಬೇಕಾಗಿಲ್ಲ.

ನಿಂತ ಕಾರೂ ಕರೆಂಟು ಕುಡಿಯುತ್ತದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಂಬಾಸಿಡರ್ ಕಾಲದಲ್ಲಿ, ಅಥವಾ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಮೊದಲ ವರ್ಷಗಳಲ್ಲಿ, ಕೀ ತೆಗೆದರೆ ಕಾರು ಹೆಚ್ಚುಕಡಿಮೆ ಪೂರ್ತಿ ಮಲಗುತ್ತಿತ್ತು. ಲೈಟ್ ಆರಿಸಲು ಮರೆತರಷ್ಟೇ ಬ್ಯಾಟರಿ ಕೂರುತ್ತಿತ್ತು. ಈಗ ಕೀ ತೆಗೆದ ಮೇಲೂ ಗಡಿಯಾರ ನಡೆಯಬೇಕು, ರೇಡಿಯೊಗೆ ಸ್ಟೇಷನ್ನುಗಳು ನೆನಪಿರಬೇಕು, ರಿಮೋಟ್ ಒತ್ತುವುದನ್ನು ಒಂದು ರಿಸೀವರ್ ಕಾಯುತ್ತಿರಬೇಕು, ಕಳವು ತಡೆಯುವ ಇಮ್ಮೊಬಿಲೈಸರ್ ಎಚ್ಚರವಾಗಿರಬೇಕು. ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆದರೆ ಅದು ನ್ಯಾಯವಾದ ಖರ್ಚು.

ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನದು. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ಹದಿನೈದು ದಿನಕ್ಕೆ ಅರ್ಧ ಬ್ಯಾಟರಿ ಖಾಲಿ. ಇದು ಯಾವ ದೋಷವೂ ಇಲ್ಲದ ಕಾರಿನ ಲೆಕ್ಕ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಕಾರನ್ನು ಊರಿನ ಮನೆ ಮುಂದೆ ನಿಲ್ಲಿಸಿ, ನಾಯಕನಹಟ್ಟಿ ಜಾತ್ರೆಗೋ ಗೌರಸಮುದ್ರ ಮಾರಮ್ಮನ ಜಾತ್ರೆಗೋ ಬಂದಾಗ ಕೀ ತಿರುಗಿಸುವವರು ಬ್ಯಾಟರಿ ಕಂಪನಿಯನ್ನು ಬೈಯುವ ಮೊದಲು ಈ ಗುಣಾಕಾರ ಮಾಡಿ ನೋಡಬಹುದು. 2020ರ ಲಾಕ್‌ಡೌನಿನಲ್ಲಿ ದೇಶದ ತುಂಬ ಕಾರುಗಳ ಬ್ಯಾಟರಿ ಕೂತದ್ದೂ ಹೀಗೆಯೇ. ಆಗಾಗ ಎಂಜಿನ್ ಚಾಲೂ ಮಾಡಿ ಎಂದು ಕಾರು ಕಂಪನಿಗಳೇ ಸಲಹೆ ಹೊರಡಿಸಬೇಕಾಯಿತು. ಇನ್ನು ಡಿಕ್ಕಿಯಲ್ಲಿ 5 ವ್ಯಾಟ್ ಬಲ್ಬೊಂದು ಉರಿಯುತ್ತಿದ್ದರೆ ಎಳೆತ 0.4 ಆಂಪಿಯರ್, ದಿನಕ್ಕೆ ಸುಮಾರು 10 ಆಂಪಿಯರ್-ಅವರ್. ಎರಡನೇ ದಿನ ಮುಗಿಯುವಷ್ಟರಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗೆ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಇದೇ ಗತಿ.

ಈ ಸೀಮೆಯ ಬಿಸಿಲು ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ರಾಜ್ಯದಲ್ಲೇ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆಯ ಹೆಸರು ಯಾವಾಗಲೂ ಇರುತ್ತದೆ. ಚಳಿಯಲ್ಲಿ ಬ್ಯಾಟರಿ ಸಾಯುತ್ತದೆ ಎಂಬ ಮಾತು ಹಿಮ ಬೀಳುವ ದೇಶಗಳಿಂದ ಬಂದದ್ದು. ಸೀಸ-ಆಮ್ಲದ ಬ್ಯಾಟರಿಯ ಆಯಸ್ಸು ತಿನ್ನುವುದು ಶಾಖ. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ. ಫಲಕಗಳು ಬೇಗ ಸವೆಯುತ್ತವೆ, ಬ್ಯಾಟರಿ ಯಾವ ತಂತಿಗೂ ಸೇರಿಸದಿದ್ದರೂ ತನ್ನಷ್ಟಕ್ಕೆ ಇಳಿಯುತ್ತದೆ, ನೀರು ಆರುತ್ತದೆ. ನೀರು ತುಂಬುವ ಮಾದರಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮುಗಿದಿದೆ ಎಂದು ಬೋರ್‌ವೆಲ್ ನೀರನ್ನೇ ಸುರಿದುಬಿಡುವವರಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಲವಣ ಹೆಚ್ಚು. ಮನುಷ್ಯರೇ ಕುಡಿಯಲು ಹಿಂಜರಿಯುವ ಆ ನೀರು ಬ್ಯಾಟರಿಗೆ ವಿಷ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಕೂಡ ಡಿಸ್ಟಿಲ್ಡ್ ವಾಟರ್ ಅಲ್ಲ.

ಬಾನೆಟ್ ಎತ್ತಿದರೆ ಕಾಣುವುದು ಧೂಳು. ರಾಷ್ಟ್ರೀಯ ಹೆದ್ದಾರಿ 150ಎ ಬಿಟ್ಟು ಹಳ್ಳಿ ದಾರಿಗೆ ತಿರುಗಿದ ಯಾವ ಗಾಡಿಯ ಬ್ಯಾಟರಿ ಮೇಲೂ ಒಂದು ಪದರ ಮಣ್ಣು ಕೂತಿರುತ್ತದೆ. ಅದಕ್ಕೆ ಆಮ್ಲದ ಆವಿ ಸೇರಿ ಹದವಾದರೆ, ಆ ಕೊಳೆಯೇ ಪ್ಲಸ್ಸಿನಿಂದ ಮೈನಸ್ಸಿಗೆ ಸಣ್ಣ ದಾರಿಯಾಗುತ್ತದೆ. ನಂಬಿಕೆಯಾಗದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ ಟರ್ಮಿನಲ್ಲಿಗೆ ಒತ್ತಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೈಮೇಲೆ ಎಳೆಯಬೇಕು. ಬರೀ ಪ್ಲಾಸ್ಟಿಕ್ ಮುಟ್ಟಿದ್ದಕ್ಕೆ ಪರದೆಯ ಮೇಲೆ ಅರ್ಧ ವೋಲ್ಟು, ಒಂದು ವೋಲ್ಟು ಮೂಡಿದರೆ ಮೊದಲ ಸೋರಿಕೆ ಸಿಕ್ಕಿತು. ಅಡುಗೆ ಸೋಡಾ ಕದಡಿದ ನೀರಿನ ಬಟ್ಟೆಯಲ್ಲಿ ಒರೆಸಿದರೆ ಅದಕ್ಕೆ ಚಿಕಿತ್ಸೆ ಮುಗಿಯಿತು; ಮುಚ್ಚಳದ ತೂತಿನೊಳಗೆ ಆ ನೀರು ಇಳಿಯದಂತೆ ನೋಡಿಕೊಂಡರೆ ಸಾಕು. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ನೆಲಕ್ಕಿಳಿಯುತ್ತದೆ ಎಂಬುದು ಮಾತ್ರ ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅನ್ವಯಿಸದ ಹಳೆಯ ನಂಬಿಕೆ.

ಆದರೆ ಹೆಚ್ಚಿನ ಕಾರುಗಳಲ್ಲಿ ಕರೆಂಟು ಕುಡಿಯುವುದು ಆಮೇಲೆ ಹಾಕಿಸಿದ ಸಾಮಾನು. ಮ್ಯೂಸಿಕ್ ಸಿಸ್ಟಮ್, ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ, ಡ್ಯಾಶ್ ಕ್ಯಾಮೆರಾ, ಸೀಟಿನಡಿಯ ನೀಲಿ ಎಲ್‌ಇಡಿ ಪಟ್ಟಿ, ಅಗ್ಗದ ರಿಮೋಟ್ ಲಾಕ್. ಇವನ್ನು ಕೂರಿಸುವವರು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಯನ್ನು ಹುಡುಕಲು ಹೋಗುವುದಿಲ್ಲ. ಕೈಗೆ ಸಿಕ್ಕ, ಯಾವಾಗಲೂ ಜೀವಂತವಾಗಿರುವ ತಂತಿಗೆ ಸುತ್ತಿ ಟೇಪ್ ಅಂಟಿಸುತ್ತಾರೆ. ಕಾರು ನಿಂತರೂ ಆಂಪ್ಲಿಫೈಯರ್ ಎದ್ದೇ ಇರುತ್ತದೆ. ಶೇಂಗಾ ಚೀಲ ಹೇರಿಕೊಂಡು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮುಂದೆ ಸರತಿಗೆ ನಿಂತ ಪಿಕಪ್‌ಗಳದ್ದು ಇನ್ನೊಂದು ಬಗೆ: ಎಂಜಿನ್ ಬಂದ್, ಹಾಡು ಚಾಲೂ. ಅಲ್ಲಿ ಹುಡುಕಲು ಏನೂ ಇಲ್ಲ, ಕಿವಿಗೇ ಕೇಳುತ್ತದೆ. ದಾಸ್ತಾನು ಇದ್ದಲ್ಲಿ ಇಲಿಯೂ ಇರುತ್ತದಲ್ಲ, ಬಾನೆಟ್ಟಿನೊಳಗೆ ಹೊಕ್ಕು ವೈರಿನ ಸಿಪ್ಪೆ ಕಡಿದು ಬಾಡಿಗೆ ತಾಗಿಸಿದರೆ ಅದೂ ಒಂದು ಸೋರಿಕೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಮಾತ್ರ ನಿರಪರಾಧಿ. ಅದು ಟೋಲ್‌ನ ರೀಡರ್ ಕಳಿಸುವ ತರಂಗದಿಂದಲೇ ಕೆಲಸ ಮಾಡುತ್ತದೆ, ಕಾರಿನ ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ಜಿಪಿಎಸ್ ಟ್ರ್ಯಾಕರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಟ್ಯಾಕ್ಸಿ, ಬಸ್ಸುಗಳಂಥ ಸಾರ್ವಜನಿಕ ಸೇವಾ ವಾಹನಗಳಲ್ಲಿ, 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವವುಗಳಿಗೆ, ಸ್ಥಳ ಪತ್ತೆ ಸಾಧನ ಮತ್ತು ಪ್ಯಾನಿಕ್ ಬಟನ್ ಕಡ್ಡಾಯವಾಯಿತು. ಸ್ವಂತ ಕಾರಿಗೂ ಕಳ್ಳರ ಭಯಕ್ಕೆ ಹಾಕಿಸುವವರಿದ್ದಾರೆ. ಟ್ರ್ಯಾಕರ್ ಒಳಗೆ ಸಿಮ್ ಇರುತ್ತದೆ. ಟವರ್ ಹತ್ತಿರವಿದ್ದರೆ ಅದು ಆಗಾಗ ಮಾತ್ರ ಎಚ್ಚರಾಗಿ ಮತ್ತೆ ಮಲಗುತ್ತದೆ. ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ನಿಲ್ಲಿಸಿದರೆ ಟವರ್ ಹುಡುಕುತ್ತಲೇ ಇರುತ್ತದೆ, ಹುಡುಕಿದಷ್ಟೂ ಕರೆಂಟು ಬೇಕು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಂಥ ಬಂಡೆಗುಡ್ಡಗಳ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಗುಡ್ಡದ ಮರೆಗೆ ಕಾರು ನಿಲ್ಲಿಸಿದವರು ಮೊದಲು ಮೊಬೈಲಿನಲ್ಲಿ ಎಷ್ಟು ಕಡ್ಡಿ ಸಿಗ್ನಲ್ ಇದೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗಬಹುದು.

ಇದು ಅಗ್ಗದ ಟ್ರ್ಯಾಕರಿನ ದೋಷ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದಲ್ಲಿ 2022ರ ಫೆಬ್ರುವರಿಯಲ್ಲಿ ಎಟಿ ಅಂಡ್ ಟಿ ಕಂಪನಿ ತನ್ನ 3ಜಿ ಜಾಲವನ್ನು ಮುಚ್ಚಿದಾಗ ಸುಬಾರು ಕಂಪನಿಯ ಕೆಲವು ಕಾರುಗಳ ಸಂಪರ್ಕ ಸಾಧನಗಳು ಇಲ್ಲದ ಟವರನ್ನು ಹುಡುಕುತ್ತ ಹುಡುಕುತ್ತ ಬ್ಯಾಟರಿ ಬರಿದು ಮಾಡಿದವು. ಅದಕ್ಕೂ ಮೊದಲೇ, 2020ರಲ್ಲಿ, ಅದೇ ಕಂಪನಿಯ 2015ರಿಂದ ಈಚಿನ ಹಲವು ಮಾದರಿಗಳ ಬ್ಯಾಟರಿ ಸೋರಿಕೆಯ ಬಗ್ಗೆ ನ್ಯೂಜೆರ್ಸಿಯ ನ್ಯಾಯಾಲಯದಲ್ಲಿ ಮಾಲೀಕರು ಒಟ್ಟಾಗಿ ದಾವೆ ಹೂಡಿ, ಕಡೆಗೆ ರಾಜಿಯಲ್ಲಿ ಪರಿಹಾರ ಪಡೆದರು. ಅಲ್ಲಿಯೂ ಎಷ್ಟೋ ಮಾಲೀಕರು ಮೊದಲು ಮಾಡಿದ್ದು ಬ್ಯಾಟರಿಯ ಮೇಲೆ ಬ್ಯಾಟರಿ ಬದಲಿಸಿದ್ದು.

ಹಾಗಾದರೆ ಹುಡುಕುವುದು ಎಂದರೇನು? ಮೊದಲು ಬ್ಯಾಟರಿ, ಆಮೇಲೆ ಚಾರ್ಜಿಂಗ್, ಕೊನೆಗೆ ಸೋರಿಕೆ. ಈ ಕ್ರಮ ತಪ್ಪಿದರೆ ಹುಡುಕಾಟ ಕೆಡುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ; 12ಕ್ಕಿಂತ ಕೆಳಗಿದ್ದರೆ ಮುಗಿಯುತ್ತ ಬಂದಿದೆ. ಎಂಜಿನ್ ಚಾಲೂ ಮಾಡಿದಾಗ 13.8ರಿಂದ 14.5ರ ನಡುವೆ ಬಂದರೆ ಡೈನಮೋ ದುಡಿಯುತ್ತಿದೆ. ಇವೆರಡೂ ಸರಿಯಿದ್ದು, ಚಾರ್ಜ್ ಮಾಡಿದ ಬ್ಯಾಟರಿ ಲೋಡ್ ಟೆಸ್ಟಿನಲ್ಲೂ ಪಾಸಾದರೆ ಮಾತ್ರ ಮೂರನೆಯ ಕೆಲಸಕ್ಕೆ ಕೈ ಹಾಕಬೇಕು.

ಆ ಮೂರನೆಯ ಕೆಲಸ ತಾಳ್ಮೆಯದು. ಬಾನೆಟ್ ತೆರೆದು, ಕೀಯನ್ನು ಕಾರಿನಿಂದ ದೂರ ಇಟ್ಟು, ಬಾಗಿಲು ತೆರೆದೇ ಬಿಟ್ಟು, ಬಾಗಿಲ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ಮುಚ್ಚಬೇಕು. ಬಾಗಿಲು ಹಾಕಿದೆ ಎಂದು ಕಾರು ನಂಬುತ್ತದೆ, ಸ್ಟೇರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆ ಮಾತ್ರ ಕೈಗೆ ಸಿಗುತ್ತದೆ. (ಕೆಲಸ ಮುಗಿದ ಮೇಲೆ ಹಿಡಿ ಎಳೆದು ಕೊಂಡಿ ಬಿಡಿಸದೆ ಬಾಗಿಲು ಹಾಕಿದರೆ ಲಾಕು ಮುರಿಯುತ್ತದೆ.) ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ, ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಕ್ಲಾಂಪಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಸೇತುವೆಯಾಗಿ ಕೂರಿಸಬೇಕು. ಮೊದಲು ಪರದೆಯ ಮೇಲೆ ಎರಡು-ಮೂರು ಆಂಪಿಯರ್ ಹೊಡೆಯುತ್ತದೆ. ಗಾಬರಿಯಾಗಬೇಕಿಲ್ಲ, ಕಾರಿನ ಕಂಪ್ಯೂಟರುಗಳು ಈಗಷ್ಟೇ ಎದ್ದಿವೆ. ಒಂದೊಂದಾಗಿ ಅವು ಮಲಗಿದಂತೆ ಅಂಕಿ ಮೆಟ್ಟಿಲಿಳಿಯುತ್ತದೆ. ಇಪ್ಪತ್ತು ನಿಮಿಷ, ಕೆಲವು ಕಾರುಗಳಲ್ಲಿ ಇನ್ನೂ ಹೆಚ್ಚು ಹೊತ್ತು ಕಾದ ಮೇಲೆ 0.03, 0.04 ಎಂದು ನಿಂತರೆ ಕಾರು ಆರೋಗ್ಯವಾಗಿದೆ. 0.40ರಲ್ಲೇ ನಿಂತರೆ ಹುಡುಕಾಟ ಶುರು. ಮೀಟರ್ ಹೀಗೆ ಕೂತಿರುವಾಗ ಯಾರಾದರೂ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಸುಟ್ಟು ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿಂದ ಮುಂದೆ ಫ್ಯೂಸುಗಳನ್ನು ಒಂದೊಂದೇ ಕಿತ್ತು ಯಾವುದಕ್ಕೆ ಅಂಕಿ ಇಳಿಯಿತು ಎಂದು ನೋಡುವುದು ಹಳೆಯ ದಾರಿ. ಫ್ಯೂಸ್ ಕಿತ್ತು ಹಾಕಿದಾಗ ಮಲಗಿದ ಕಂಪ್ಯೂಟರ್ ಮತ್ತೆ ಏಳುತ್ತದೆ, ಮತ್ತೆ ಇಪ್ಪತ್ತು ನಿಮಿಷ. ಅದಕ್ಕೇ ಬಲ್ಲವರು ಫ್ಯೂಸ್ ಕೀಳುವುದಿಲ್ಲ. ಪ್ರತಿ ಫ್ಯೂಸಿನ ನೆತ್ತಿಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿಗಳಿರುತ್ತವೆ. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಎರಡೂ ಕಡ್ಡಿಗಳನ್ನು ಅವಕ್ಕೆ ತಾಗಿಸಿದರೆ, ಕರೆಂಟು ಹರಿಯದ ಫ್ಯೂಸಿನಲ್ಲಿ ಸೊನ್ನೆ, ಹರಿಯುತ್ತಿರುವುದರಲ್ಲಿ ಸಣ್ಣದೊಂದು ಅಂಕಿ. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರು ಸಾವಿರಾರು ಎಳೆಗಳ ಹಾಸಿನಲ್ಲಿ ತುಂಡಾದ ಒಂದೇ ಎಳೆಯನ್ನು ಬೆರಳಿನಲ್ಲಿ ಹುಡುಕಿ ಗಂಟು ಹಾಕುತ್ತಾರೆಯೇ ಹೊರತು ಮಗ್ಗ ಬದಲಿಸುವುದಿಲ್ಲ. ಇದೂ ಅದೇ ಜಾತಿಯ ಕೆಲಸ. ಎಲ್ಲ ಫ್ಯೂಸೂ ಸೊನ್ನೆ ತೋರಿಸಿದರೆ ಸಂಶಯ ಫ್ಯೂಸಿಲ್ಲದ ದಪ್ಪ ತಂತಿಗಳ ಮೇಲೆ, ಅದರಲ್ಲೂ ಡೈನಮೋ ಒಳಗಿನ ಡಯೋಡ್ ಮೇಲೆ. ಹಗಲು ಚೆನ್ನಾಗಿ ಚಾರ್ಜ್ ಮಾಡಿದ ಡೈನಮೋನೇ ರಾತ್ರಿ ಆ ಡಯೋಡಿನ ಮೂಲಕ ಬ್ಯಾಟರಿಯನ್ನು ಬರಿದು ಮಾಡಬಲ್ಲದು.

ರಸ್ತೆಬದಿಯ ಎರಡು ಪರೀಕ್ಷೆಗಳನ್ನು ಮಾತ್ರ ಇಂದೇ ನಿಲ್ಲಿಸಬೇಕು. ಟರ್ಮಿನಲ್ ತಾಗಿಸಿ ಕಿಡಿ ಹಾರಿದರೆ 'ಲೀಕೇಜ್ ಐತೆ' ಎನ್ನುವುದು ಒಂದು. ಈಗಿನ ಕಾರಿನಲ್ಲಿ ಏನೂ ದೋಷವಿಲ್ಲದಿದ್ದರೂ ಸಣ್ಣ ಕಿಡಿ ಹಾರುತ್ತದೆ. ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಬಿಚ್ಚಿ, ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಎನ್ನುವುದು ಇನ್ನೊಂದು. ಅಂಬಾಸಿಡರಿಗೆ ಅದು ನಡೆಯಿತು. ಇವತ್ತಿನ ಕಾರಿನಲ್ಲಿ ಆ ಕ್ಷಣ ಜಿಗಿಯುವ ವೋಲ್ಟೇಜ್ ಎಂಜಿನ್ ಕಂಪ್ಯೂಟರನ್ನು ಸುಡಬಲ್ಲದು, ಆಗ ಬಿಲ್ಲು ಬ್ಯಾಟರಿಯ ಹತ್ತುಪಟ್ಟು ಮುಟ್ಟಿದರೂ ಆಶ್ಚರ್ಯವಿಲ್ಲ.

ಹುಡುಕುವ ಕೈ ಇಲ್ಲಿ ಇಲ್ಲವೇ ಎಂದರೆ, ಇದೆ. ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟ ಇಸ್ರೋದ ರೆಕ್ಕೆಯ ವಾಹನ ತನ್ನಷ್ಟಕ್ಕೆ ರನ್‌ವೇಗೆ ಇಳಿಯಿತು. ಬೇಲಿಯಾಚೆಯ ಊರಿಗೆ ಬೇಕಾಗಿರುವುದು ಅಷ್ಟು ದೊಡ್ಡ ವಿದ್ಯೆಯಲ್ಲ, ಕೆಲವು ನೂರು ರೂಪಾಯಿಯ ಮಲ್ಟಿಮೀಟರನ್ನು ನೆಟ್ಟಗೆ ಬಳಸುವ ವಿದ್ಯೆ. ರಾಜ್ಯದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮಾಡಿದ ಯೋಜನೆ 2022ರ ಜೂನಿನಲ್ಲಿ ಲೋಕಾರ್ಪಣೆಯಾಯಿತು. ಅದಕ್ಕೆ ತಗುಲಿದ್ದು 4,600 ಕೋಟಿ ರೂಪಾಯಿಗೂ ಹೆಚ್ಚು. ಮೋಟಾರು ಮೆಕ್ಯಾನಿಕ್ ಕೋರ್ಸು ಎರಡು ವರ್ಷದ್ದು. ಅದರಲ್ಲಿ ಕಲಿತವರು ಊರಿಗೆ ಬಂದು ಗ್ಯಾರೇಜ್ ಹಾಕಿದಾಗ ಮೀಟರ್ ಡ್ರಾಯರಿನಲ್ಲೇ ಉಳಿದರೆ ಅದು ಕೋರ್ಸಿನ ತಪ್ಪಲ್ಲ. ಮೀಟರ್ ಹಿಡಿದ ಹೊತ್ತಿಗೆ ಕೂಲಿ ಹುಟ್ಟುವುದಿಲ್ಲ, ಅಷ್ಟೆ.

ಕಂಪನಿಗಳ ಕಡೆಯೂ ಕೇಳಬೇಕಾದದ್ದಿದೆ. ಯಾವ ಫ್ಯೂಸಿನಿಂದ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬ ವೈರಿಂಗ್ ನಕ್ಷೆ ಊರಿನ ಎಲೆಕ್ಟ್ರಿಷಿಯನ್‌ಗೆ ಸುಲಭವಾಗಿ ಸಿಗುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ವಾಹನವೂ ಕೃಷಿ ಯಂತ್ರವೂ ಅದರ ವ್ಯಾಪ್ತಿಯಲ್ಲಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥದ್ದೇ ಹಕ್ಕನ್ನು ಜನ 2012ರಲ್ಲಿ ಮತ ಹಾಕಿ ಕಾನೂನಾಗಿಸಿಕೊಂಡರು. ಇಲ್ಲಿ ಕಂಪನಿಗಳ ಒಳ್ಳೆಯ ಮನಸ್ಸಿಗೆ ಬಿಡದೆ ವೈರಿಂಗ್ ನಕ್ಷೆಯನ್ನು ಕಡ್ಡಾಯ ಮಾಡಿದರೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಕಾರು ಎಳೆದುಕೊಂಡು ಹೋಗುವ ಖರ್ಚಾದರೂ ತಪ್ಪುತ್ತದೆ.

ಸುಮ್ಮನೆ ಬದಲಾದ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಸಣ್ಣ ಕಾರಿನ ಬ್ಯಾಟರಿ ಸುಮಾರು ಹತ್ತು ಕಿಲೋ ತೂಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಗುಜರಿಯವನು ಇನ್ನೂರು ರೂಪಾಯಿ ಹೆಚ್ಚು ಕೊಡುತ್ತಾನೆಂದು ಅವನಿಗೆ ಕೊಟ್ಟರೆ ಆ ಸೀಸ ಯಾವ ಬಯಲಿನಲ್ಲಿ ಕರಗುತ್ತದೋ, ಹೊಗೆ ಯಾರ ಮಕ್ಕಳ ಎದೆಗಿಳಿಯುತ್ತದೋ ಯಾವ ನಿಯಮಕ್ಕೂ ಗೊತ್ತಾಗುವುದಿಲ್ಲ.

ಮಾಡಬಹುದಾದದ್ದು ಬಹಳ ಸರಳ. ಗ್ಯಾರೇಜಿನ ಬೋರ್ಡಿನಲ್ಲಿ ಆಯಿಲ್ ಚೇಂಜ್, ಪಂಕ್ಚರ್ ದರಗಳ ಕೆಳಗೆ 'ಬ್ಯಾಟರಿ ಸೋರಿಕೆ ತಪಾಸಣೆ' ಎಂದು ಒಂದು ಸಾಲು ಬರೆಸಿ ಅದಕ್ಕೊಂದು ದರ ಹಾಕುವುದು. ದೋಷ ಸಿಗಲಿ ಬಿಡಲಿ, ಆ ದುಡ್ಡು ಹುಡುಕಿದ ಹೊತ್ತಿಗೆ. ಬಿಲ್ಲಿನ ಮೇಲೆ ಮೂರು ಅಂಕಿ ಬರೆದುಕೊಡುವುದು: ನಿಂತಾಗಿನ ವೋಲ್ಟ್, ಎಂಜಿನ್ ಓಡುವಾಗಿನ ವೋಲ್ಟ್, ಕಾರು ಮಲಗಿದ ಮೇಲಿನ ಮಿಲಿಆಂಪಿಯರ್. ಈ ಮೂರು ಅಂಕಿ ಕೇಳದೆ ಯಾವ ಗಿರಾಕಿಯೂ ಹೊಸ ಬ್ಯಾಟರಿಗೆ ದುಡ್ಡು ಎಣಿಸಬಾರದು. ಕ್ಲಾಂಪ್ ಮೀಟರ್ ಕೊಳ್ಳುವ ಗ್ಯಾರೇಜಿನವರು ಡಿಸಿ ಅಳೆಯುವುದನ್ನೇ ಕೊಳ್ಳಬೇಕು. ಮನೆ ವೈರಿಂಗಿನವರ ಬಳಿ ಇರುವ ಅಗ್ಗದ ಕ್ಲಾಂಪ್ ಮೀಟರುಗಳಲ್ಲಿ ಹೆಚ್ಚಿನವು ಎಸಿ ಮಾತ್ರ ಅಳೆಯುತ್ತವೆ, ಕಾರಿನ ತಂತಿಗೆ ಹಾಕಿದರೆ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ.

ಯಾವ ದೋಷವೂ ಇಲ್ಲದೆ, ಕಾರು ತಿಂಗಳುಗಟ್ಟಲೆ ನಿಲ್ಲುವುದೇ ಸಮಸ್ಯೆಯಾದವರಿಗೆ ಹತ್ತು ನಂಬರಿನ ಸ್ಪ್ಯಾನರ್ ಸಾಕು. ಊರು ಬಿಡುವ ದಿನ ಮೈನಸ್ ಕ್ಲಾಂಪ್ ಬಿಚ್ಚಿ ಬಟ್ಟೆ ಸುತ್ತಿ ಪಕ್ಕಕ್ಕಿಡುವುದು. ಬಿಚ್ಚುವ ಮೊದಲು ಬಾಗಿಲು ಕೀಯಲ್ಲಿ ತೆರೆಯುತ್ತದೆಯೇ ನೋಡಿಕೊಳ್ಳಬೇಕು, ರಿಮೋಟ್ ಆಗ ಕೆಲಸ ಮಾಡುವುದಿಲ್ಲ. ಮರಳಿ ಜೋಡಿಸಿದಾಗ ಗಡಿಯಾರ ತಿದ್ದಬೇಕು, ಕೆಲವು ಕಾರುಗಳಲ್ಲಿ ಸ್ಟೀರಿಯೊ ತನ್ನ ಕೋಡ್ ಕೇಳುತ್ತದೆ, ಪವರ್ ವಿಂಡೋವನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ ಹೊಸದಾಗಿ ಕಲಿಸಬೇಕಾಗುತ್ತದೆ.